ಎಲೆ ಉದುರುವ ತಿಂಗಳ ಗುಡ್ಡ

ಮೂವತ್ತೊಂದು ವರ್ಷ ಕೆರೆಯ ಮೇಲೆ ದೋಣಿ ನಡೆಸಿದವನಿಗೆ ಯಾರಾದರೂ ಕಿರುಚಿದರೆ ಎರಡೇ ಕಾರಣ ಹೊಳೆಯುತ್ತವೆ: ಒಂದೋ ಯಾರೋ ನೀರಿಗೆ ಬಿದ್ದರು, ಇಲ್ಲವೇ ದೋಣಿಯೊಳಗೆ ಹಾವು ಬಂತು. ಆ ಮಂಗಳವಾರ ಬೆಳಿಗ್ಗೆ ಪ್ರಯೋಗಾಲಯದ ಹೊಸ ಮೇಡಂ "ಅಯ್ಯಯ್ಯೋ, ಏನ್ ಮಾಡ್ತಿದೀರಿ ಅಣ್ಣಾ!" ಎಂದು ಕಿರುಚಿದಾಗ ಬಾಟಲಿಯಣ್ಣ ಮೊದಲು ನೀರು ನೋಡಿದ, ಆಮೇಲೆ ತನ್ನ ಕಾಲಬುಡ ನೋಡಿದ. ಎರಡು ಕಡೆಯೂ ಏನೂ ಇರಲಿಲ್ಲ. ಮೇಡಂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದದ್ದು ಅವನ ಕೈಯನ್ನು. ಕೈಯಲ್ಲೊಂದು ಕಂದು ಗಾಜಿನ ಬಾಟಲಿ, ಬಾಟಲಿಯ ಬಾಯಿಗೆ ಆಲಿಕೆ, ಆಲಿಕೆಯ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಆಗ ತಾನೇ ಸುರಿದ ಕೆರೆ ನೀರು.

"ಸೋಸ್ತಿದೀನಿ ಮೇಡಂ."

"ಸೋಸೋಕೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಕಸ ಇರತ್ತಲ್ಲ, ಎಲೆ ಉದುರೋ ಕಾಲ. ನಿಮಗೆ ಗಲೀಜು ನೀರು ಕೊಡೋಕಾಗತ್ತಾ?"

"ಎಷ್ಟು ದಿನದಿಂದ ಹೀಗೆ?"

"ದಿನದ ಲೆಕ್ಕ ಎಲ್ಲಿ ಬಂತು ಮೇಡಂ, ಹತ್ತೊಂಬತ್ತು ವರ್ಷ ಆಯ್ತು!" ಎಂದ ಬಾಟಲಿಯಣ್ಣ, ಶಾಲೆಯಲ್ಲಿ ಬಹುಮಾನ ಬಂದವನ ಹಾಗೆ.

ಮೇಡಂ ಬಟ್ಟೆಯ ಒಣಗಿದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಅದು ಕಾಗದದ ಹಾಗೆ ಸೆಟೆದುಕೊಂಡಿತ್ತು. "ಇದ್ಯಾಕೆ ಇಷ್ಟು ಬಿರುಸು?"

"ಗಂಜಿ ಹಾಕಿದೆ. ನಮ್ಮನೆಯವಳ ಕೈ ಅದು! ಮೆತ್ತಗಿನ ಬಟ್ಟೆ ಆಲಿಕೆಯೊಳಗೆ ಕುಸಿದುಬಿಡತ್ತೆ. ಇದಾದ್ರೆ ತಟ್ಟೆ ಇಟ್ಟ ಹಾಗೆ ನಿಲ್ಲತ್ತೆ. ಪ್ರತಿ ಸಲಾನೂ ಹೊಸ ಗಂಜಿ, ಹೊಸ ಇಸ್ತ್ರಿ."

ಮೇಡಂ ದೋಣಿಯ ಹಲಗೆಯ ಮೇಲೆ ದೊಪ್ಪನೆ ಕೂತಳು.

ಈ ಬಾಟಲಿಯಣ್ಣ ಯಾರು ಎಂದು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಆ ಹುಡುಗಿ ಕುಸಿದದ್ದು ನಿಮಗೆ ಅರ್ಥವಾಗುವುದಿಲ್ಲ. ಊರಿಗೆಲ್ಲ ಕುಡಿಯುವ ನೀರು ಕೊಡುವ ಕೆರೆ ಅದು. ದಡದಲ್ಲಿ ನೀರು ಶುದ್ಧ ಮಾಡುವ ಕಟ್ಟಡ, ಅದರ ಮಹಡಿಯಲ್ಲಿ ಪ್ರಯೋಗಾಲಯ. ಪ್ರತಿ ತಿಂಗಳ ಮೊದಲ ಮಂಗಳವಾರ ದೋಣಿ ಬಿಟ್ಟು, ಕೆರೆಯ ಮೂರು ಗುರುತಿನ ಜಾಗಗಳಿಂದ ಮೂರು ಬಾಟಲಿ ನೀರು ತರುವುದು ಇವನ ಕೆಲಸ. ಇಪ್ಪತ್ತೇಳನೇ ವಯಸ್ಸಿಗೆ ಸೇರಿದ. ಬರುವ ತಿಂಗಳು ನಿವೃತ್ತಿ. ಜ್ವರ ಬಂದರೂ ಹೋಗಿದ್ದಾನೆ, ತಂಗಿಯ ಮದುವೆಯ ದಿನವೂ ಹೋಗಿ ಒದ್ದೆ ಪ್ಯಾಂಟಿನಲ್ಲೇ ಊಟಕ್ಕೆ ಕೂತಿದ್ದಾನೆ. ಒಂದು ಮಂಗಳವಾರ ತಪ್ಪಿಸಿದವನಲ್ಲ.

ಆ ಬಾಟಲಿಗಳಲ್ಲಿ ಹುಡುಕುತ್ತಿದ್ದದ್ದು ಕಣ್ಣಿಗೆ ಕಾಣದ ವಸ್ತುವನ್ನು. ಸಕ್ಕರೆ ಕರಗಿದ ನೀರು ನೋಡಲು ನೀರೇ ಅಲ್ಲವೇ? ಹಾಗೇ ಕೆರೆಯಲ್ಲಿ ಕೊಳೆತ ಎಲೆ, ಬೇರು, ಪಾಚಿ ಎಲ್ಲದರ ಸಾರ ಕರಗಿರುತ್ತದೆ. ಅದು ಜಾಸ್ತಿಯಾದ ನೀರಿಗೆ ಶುದ್ಧ ಮಾಡುವ ಔಷಧ ಬಿದ್ದರೆ ಬೇಡದ ವಿಷಗಳು ಹುಟ್ಟುತ್ತವೆ. ಅದಕ್ಕೇ ತಿಂಗಳು ತಿಂಗಳೂ ಅಳೆಯುವುದು. ಮಳೆ ಶುರುವಾದಾಗ ಮಣ್ಣಿನ ಸಾರ ಕೊಚ್ಚಿಬಂದು ನೀರು ಕಂದು ತಿರುಗುತ್ತದೆ, ಅಂಕಿ ಏರುತ್ತದೆ. ಬಿಸಿಲು ಬಲಿತಾಗ ಆ ಬಣ್ಣ ಮಾಸಿಹೋಗುತ್ತದೆ, ಪಾಚಿ ತನ್ನದೊಂದಿಷ್ಟು ಸೇರಿಸುತ್ತದೆ. ಇವೆಲ್ಲ ಸಣ್ಣಪುಟ್ಟ ಏರಿಳಿತ. ಎಲೆ ಉದುರುವ ನಾಲ್ಕು ತಿಂಗಳು ಬಂತೆಂದರೆ ಮಾತ್ರ ಅಂಕಿ ಗುಡ್ಡ ಹತ್ತಿಬಿಡುತ್ತಿತ್ತು.

ಹತ್ತಿಬಿಡುತ್ತಿತ್ತು ಎಂದರೆ ಸುಮ್ಮನೆ ಅಲ್ಲ. ಪ್ರಯೋಗಾಲಯದ ಓಣಿಯ ಗೋಡೆಗೆ ಉದ್ದಕ್ಕೆ ಒಂದು ನಕ್ಷೆ ಅಂಟಿಸಿತ್ತು. ಅದರಲ್ಲೊಂದು ಕೆಂಪು ಗೆರೆ, ವರ್ಷಕ್ಕೊಂದು ಗುಡ್ಡ. ಯಾರೇ ಬರಲಿ, ಬಾಟಲಿಯಣ್ಣ ಅವರನ್ನು ಅಲ್ಲಿ ನಿಲ್ಲಿಸಿ, "ಈ ಗೆರೆಯ ಒಂದೊಂದು ಚುಕ್ಕಿಯೂ ನಾನೇ ತಂದದ್ದು" ಎನ್ನುತ್ತಿದ್ದ. ಮೊದಲ ಹನ್ನೆರಡು ವರ್ಷಗಳಲ್ಲಿ ಗುಡ್ಡಗಳು ಯಾಕೆ ಇಲ್ಲ ಎಂದು ಒಬ್ಬನೇ ಒಬ್ಬ ಕೇಳಲಿಲ್ಲ. ಆಗ ಮರಗಳು ಚಿಕ್ಕವು, ಈಗ ದೊಡ್ಡವಾಗಿವೆ, ಎಲೆ ಜಾಸ್ತಿ ಉದುರುತ್ತೆ ಎಂದು ಎಲ್ಲರೂ ತಮ್ಮಷ್ಟಕ್ಕೆ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಎಂಥಾ ಬುದ್ಧಿವಂತರು ನೋಡಿ!

ನಿಜ ಸಂಗತಿ ಏನೆಂದರೆ, ಹತ್ತೊಂಬತ್ತು ವರ್ಷದ ಹಿಂದೆ ಆಗಿನ ಹಳೇ ಸಾಹೇಬರು ಬಾಟಲಿಯಲ್ಲಿ ಎರಡು ಎಲೆಯ ಚೂರು ಕಂಡು, ನಾಲ್ಕು ಜನರ ಮುಂದೆ, "ಏನಯ್ಯಾ ಇದು, ನೀರು ತರೋಕೆ ಹೇಳಿದ್ರೆ ಗೊಬ್ಬರ ತಂದಿದೀಯಾ?" ಎಂದಿದ್ದರು. ಆ ಮಾತು ಅವನಿಗೆ ಚುರುಕ್ಕೆಂದಿತ್ತು. ಮುಂದಿನ ತಿಂಗಳೇ ಹೆಂಡತಿಯ ಹತ್ತಿರ ಒಂದು ಶುಭ್ರ ಬಟ್ಟೆ ಇಸಿದುಕೊಂಡು ಹೋದ. ಅವಳೋ, ಗಂಜಿ ಹಾಕದ ಬಟ್ಟೆಯನ್ನು ಬಟ್ಟೆ ಎಂದೇ ಒಪ್ಪದವಳು. ದಿಂಬಿನ ಚೀಲಕ್ಕೂ ಗಂಜಿ, ಕರ್ಚೀಫಿಗೂ ಗಂಜಿ. ಸುಮ್ಮನಿದ್ದಿದ್ದರೆ ಗಂಡನಿಗೂ ಹಾಕಿ ಹಗ್ಗದ ಮೇಲೆ ಒಣಗಹಾಕುತ್ತಿದ್ದಳು ಎಂದು ನೆರೆಹೊರೆಯವರು ನಗುತ್ತಿದ್ದರು.

ಇಲ್ಲಿಯವರೆಗೆ ನಗಬಹುದು. ಇನ್ನು ಮುಂದೆ ನಗು ಬರುವುದಿಲ್ಲ.

ಕೆರೆಯ ಪಡುವಣ ದಡದಲ್ಲಿ ನಲವತ್ತೊಂದು ಮರ, ಮೂಡಣ ದಡದಲ್ಲಿ ಮೂವತ್ತೆಂಟು. ಎಲ್ಲವನ್ನೂ ನೆಟ್ಟದ್ದು ಒಬ್ಬರೇ: ನೀರಿನ ಕಚೇರಿಯ ಹಳೆಯ ತೋಟದ ಮಾಲಿ, ಬಾಟಲಿಯಣ್ಣನ ಹೆಂಡತಿಯ ಅಪ್ಪ. ಕೊಡದಲ್ಲಿ ನೀರು ಹೊತ್ತು ಬೆಳೆಸಿದವರು. ಮಗಳ ಮನೆಯಲ್ಲೇ ಇದ್ದರು. ಕಿಟಕಿಯ ಪಕ್ಕ ಅವರದೊಂದು ಕುರ್ಚಿ, ಕಿಟಕಿಯಾಚೆ ಪಡುವಣ ಸಾಲು. ಮೂರು ವರ್ಷದ ಹಿಂದೆ ಆ ಕೆಂಪು ಗುಡ್ಡ ತೋರಿಸಿ, ಎಲೆ ಉದುರಿಸುವ ಮರಗಳನ್ನು ತೆಗೆಯಬೇಕು ಎಂದು ಸಭೆಯಲ್ಲಿ ತೀರ್ಮಾನವಾಯಿತು. ಮುದುಕರು ಸುಮ್ಮನೆ ಬಿಡಲಿಲ್ಲ. ಒಂದು ಬಕೆಟ್ಟಿನಲ್ಲಿ ತಮ್ಮ ಮರದ ಎಲೆ ನೆನೆಹಾಕಿ, ನಾಲ್ಕು ದಿನ ಬಿಟ್ಟು, ಎರಡು ಕೈಯಲ್ಲೂ ಹಿಡಿದುಕೊಂಡು ಏದುಸಿರು ಬಿಡುತ್ತಾ ಇಂಜಿನಿಯರ್ ಕೋಣೆಗೆ ಹೋದರು.

"ನೋಡಿ ಸಾಹೇಬ್ರೇ, ನನ್ನ ಎಲೆ ಕೊಳೆತ್ರೆ ನೀರು ಹೀಗೆ ಕಂದಗಾಗತ್ತೆ. ಕೆರೆ ನೀರು ಕನ್ನಡಿ ಥರ ಇದೆ. ಹಾಗಿದ್ಮೇಲೆ ಅದು ನನ್ನ ಮರದ್ದು ಹೇಗಾಯ್ತು?"

ಇಂಜಿನಿಯರ್ ನಕ್ಕು, "ತಾತಾ, ಯಂತ್ರ ಹೇಳೋದು ನಿಮ್ಮ ಬಕೆಟ್ಟಿಗೆ ಗೊತ್ತಾಗಲ್ಲ" ಎಂದರಂತೆ. ಆದರೂ ಒಳ್ಳೆಯ ಮನುಷ್ಯ. ನೆಟ್ಟವರ ಒಪ್ಪಿಗೆ ಒಂದಿರಲಿ ಎಂದು ಕಾಗದ ಕೊಟ್ಟು ಕಳಿಸಿದರು. ಮುದುಕರು ಆ ಕಾಗದ ಹಿಡಿದು ಮನೆಗೆ ಬಂದು ಅಳಿಯನನ್ನು ಎದುರಿಗೆ ಕೂರಿಸಿಕೊಂಡರು.

"ಅಳಿಯಂದಿರೇ, ಆ ನೀರು ತಂದದ್ದು ನೀವೇ ತಾನೇ?"

"ಹೌದು ಮಾವ."

"ಎಲ್ಲೂ ಹೆಚ್ಚುಕಮ್ಮಿ ಆಗಿಲ್ಲ?"

"ಒಂದು ತೊಟ್ಟೂ ಇಲ್ಲ ಮಾವ."

"ಹಾಗಾದ್ರೆ ಕಡೀಲಿ. ನನ್ನ ಕಣ್ಣು ಮೋಸ ಮಾಡಿದ್ರೂ ಮಾಡೀತು, ನೀವು ಮಾಡಲ್ಲ." ಹೀಗೆಂದು ರುಜು ಹಾಕಿದರು.

ನಲವತ್ತೊಂದು ಮರವೂ ಒಂದೇ ವಾರದಲ್ಲಿ ಉರುಳಿತು. ಮುದುಕರು ಕುರ್ಚಿಯನ್ನು ಕಿಟಕಿಯಿಂದ ತಿರುಗಿಸಿ ಗೋಡೆಗೆ ಮುಖ ಮಾಡಿಕೊಂಡರು. ಮುಂದಿನ ವರ್ಷ ನೋಡಿದರೆ ಗುಡ್ಡ ಹಾಗೇ ಇದೆ, ಎಳ್ಳಷ್ಟೂ ಇಳಿದಿಲ್ಲ! ಅದರ ಮುಂದಿನ ವರ್ಷವೂ ಅಷ್ಟೇ. ಮರ ಕಡಿದರೂ ಇಳಿಯಲಿಲ್ಲ ಎಂದರೆ ಮರದ ತಪ್ಪಲ್ಲ ಎಂದು ನಮಗೂ ನಿಮಗೂ ಹೊಳೆಯುತ್ತದೆ. ಸಭೆಗೆ ಹೊಳೆದದ್ದು ಬೇರೆ: ಉಳಿದ ಮೂವತ್ತೆಂಟನ್ನೂ ಕಡಿಯಬೇಕು. ಬರುವ ಸೋಮವಾರಕ್ಕೆ ಗರಗಸದವರನ್ನು ಗೊತ್ತುಮಾಡಿ ಆಗಿತ್ತು. ಆರು ತಿಂಗಳ ಹಿಂದೆ ಬಂದ ಹೊಸ ಮೇಡಂಗೆ ಮಾತ್ರ ಬಣ್ಣವಿಲ್ಲದ ನೀರಿನಲ್ಲಿ ಇಷ್ಟು ದೊಡ್ಡ ಅಂಕಿ ಹೇಗೆ ಎಂಬ ಅನುಮಾನ ಕೊರೆಯುತ್ತಿತ್ತು. ಅದಕ್ಕೇ, "ಅಣ್ಣಾ, ಈ ಸಲ ನಾನೂ ದೋಣೀಲಿ ಬರ್ತೀನಿ" ಎಂದು ಹತ್ತಿದ್ದಳು.

ಈಗ ಆ ಹಲಗೆಯ ಮೇಲೆ ಕೂತು ಅವಳು ಹೇಳಿದ್ದು ಇಷ್ಟೇ: "ಒಂದೇ ಜಾಗದಿಂದ ಎರಡು ಬಾಟಲಿ ತಗೊಳ್ಳಿ. ಒಂದನ್ನ ಸೋಸಿ, ಒಂದನ್ನ ಸೋಸಬೇಡಿ. ಕಸ ಇರಲಿ, ಪ್ರಯೋಗಾಲಯದಲ್ಲಿ ಅದನ್ನ ತೆಗೆಯೋಕೆ ಬೇರೆ ಜಾಲರಿ ಇದೆ."

ಬೇರೆ ಜಾಲರಿ ಇದೆ! ಹತ್ತೊಂಬತ್ತು ವರ್ಷ ಅವನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಗುರುವಾರ ಮಧ್ಯಾಹ್ನ ಮೇಡಂ ಅವನನ್ನು ಮಹಡಿಗೆ ಕರೆದು ಬಾಗಿಲು ಹಾಕಿಕೊಂಡಳು. ಮೇಜಿನ ಮೇಲೆ ಒಂದು ಚೀಟಿ. ಸೋಸದ ನೀರು: ನಾಲ್ಕು. ಸೋಸಿದ ನೀರು: ಒಂಬತ್ತು.

"ಇದರಲ್ಲಿ ಐದು ನಿಮ್ಮ ಬಟ್ಟೇದು ಅಣ್ಣಾ. ಗಂಜಿ ಅಂದ್ರೆ ಹಿಟ್ಟು. ಅದೂ ಗಿಡದ ಸಾರಾನೇ. ನೀರಲ್ಲಿ ಕರಗಿದ್ರೆ ಯಂತ್ರಕ್ಕೆ ಎಲೆ ಸಾರ, ಗಂಜಿ ಸಾರ ಅಂತ ಭೇದ ಗೊತ್ತಾಗಲ್ಲ."

ಬಾಟಲಿಯಣ್ಣ ಚೀಟಿಯನ್ನು ಎರಡು ಸಲ ಓದಿದ. ಕುರ್ಚಿ ಹಿಡಿದುಕೊಂಡ. ಆ ಗುಡ್ಡ ಎಲೆಯದಲ್ಲ, ಕೆರೆಯದಲ್ಲ, ತನ್ನ ಮನೆಯ ಇಸ್ತ್ರಿ ಮೇಜಿನದು! ಹತ್ತೊಂಬತ್ತು ಗುಡ್ಡವನ್ನೂ ತಾನೇ ಕೈಯಾರೆ ಹುಯ್ದದ್ದು. "ಹಾಗಾದ್ರೆ... ನಲವತ್ತೊಂದು ಮರ?" ಎಂದ.

ಮೇಡಂ ಚೀಟಿ ಮಡಿಸುತ್ತಾ ಹೇಳಿದಳು: "ವರದಿ ಬರೀಬೇಕು, ಬರೀತೀನಿ. ಅಳೆಯೋ ಕ್ರಮ ಬದಲಾಯ್ತು ಅಂತ ಅಷ್ಟೇ ಬರೆದ್ರೂ ನಡೆಯತ್ತೆ. ನಿಮ್ಮ ಹೆಸರು ಬರಲ್ಲ. ಆದ್ರೆ ಅದು ಮೇಲೆ ಹೋಗಿ ಬರೋಕೆ ಎರಡು ತಿಂಗಳು. ಮರ ಸೋಮವಾರ ಹೋಗತ್ತೆ. ಶನಿವಾರದ ಸಭೇಲಿ ಯಾರಾದ್ರೂ ಎದ್ದು ನಿಂತು ಹೇಳಿದ್ರೆ ಮಾತ್ರ ಉಳಿಯತ್ತೆ. ನಾನು ಹೊಸಬಳು, ನನ್ನ ಮಾತು ತಗೊಳ್ಳಲ್ಲ."

ಹೇಳಿ, ಏನು ಮಾಡಬೇಕು ಅವನು? ಬಾಯಿ ಮುಚ್ಚಿಕೊಂಡರೆ ಬರುವ ತಿಂಗಳು ಶಾಲು, ಭಾಷಣ, ಚಪ್ಪಾಳೆ. ಬಾಯಿ ಬಿಟ್ಟರೆ ಮೂವತ್ತೊಂದು ವರ್ಷದ ಹೆಸರು ಒಂದೇ ಗಳಿಗೆಯಲ್ಲಿ ನೀರುಪಾಲು, ಮನೆಯಲ್ಲಿ ಮಾವನ ಮುಖ ನೋಡುವ ಹಾಗಿಲ್ಲ. ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. "ಏನ್ರೀ, ದೆವ್ವ ಕಂಡವರ ಹಾಗೆ ಓಡಾಡ್ತಿದೀರಿ?" ಎಂದು ಹೆಂಡತಿ ಗದರಿದರೆ, "ಹಲ್ಲುನೋವು ಕಣೇ" ಎಂದ. ಶನಿವಾರ ಹೊರಡುವಾಗ ಇಸ್ತ್ರಿ ಮಾಡಿಟ್ಟ ಬಟ್ಟೆಗಳಲ್ಲಿ ಒಂದನ್ನು ಅವಳಿಗೆ ಕಾಣದ ಹಾಗೆ ಜೇಬಿಗೆ ಸೇರಿಸಿದ.

ಸಭೆಯಲ್ಲಿ ಹನ್ನೊಂದು ಜನ. ಇಂಜಿನಿಯರ್ ಮಾತು ಮುಗಿಸುವ ಮೊದಲೇ ಬಾಟಲಿಯಣ್ಣ ಎದ್ದು, ಮೇಡಂ ಕಲಿಸಿದ ಹಾಗೆ ಎರಡು ಲೋಟ ಮೇಜಿನ ಮೇಲಿಟ್ಟ. ಎರಡರಲ್ಲೂ ಕೆರೆ ನೀರು. ಒಂದರಲ್ಲಿ ಬಟ್ಟೆ ಅದ್ದಿ ಹಿಂಡಿದ. ನೋಡಲು ಎರಡೂ ಒಂದೇ ತಿಳಿ. ಆಮೇಲೆ ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ ಔಷಧವನ್ನು ಎರಡಕ್ಕೂ ಎರಡೆರಡು ತೊಟ್ಟು ಬಿಟ್ಟ. ಬರೀ ಕೆರೆ ನೀರು ತುಸು ಹಳದಿಯಾಯಿತು, ಅಷ್ಟೇ. ಬಟ್ಟೆ ಹಿಂಡಿದ ಲೋಟ ಎಲ್ಲರೂ ನೋಡುತ್ತಿದ್ದ ಹಾಗೇ ಕಡುನೀಲಿಯಾಗಿ, ಶಾಯಿಯಾಗಿಬಿಟ್ಟಿತು.

ಯಾರೋ "ಅಬ್ಬಾ!" ಎಂದರು. ಇಂಜಿನಿಯರ್ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

"ಗಂಜಿ ಇರೋ ಕಡೆ ಈ ಔಷಧ ನೀಲಿ ಆಗತ್ತೆ ಸಾರ್," ಎಂದ ಬಾಟಲಿಯಣ್ಣ. "ನಿಮ್ಮ ಗೋಡೆ ಮೇಲಿನ ಗುಡ್ಡ ಇದೇ. ಎಲೆ ಉದುರೋ ತಿಂಗಳಲ್ಲಿ ಮಾತ್ರ ಸೋಸ್ತಿದ್ದೆ, ಆ ತಿಂಗಳಲ್ಲೇ ಗುಡ್ಡ ಏಳ್ತಿತ್ತು. ಮರ ಏನೂ ಮಾಡಿಲ್ಲ. ಮಾಡಿದ್ದು ನಾನು."

ಎಲ್ಲರೂ ಒಟ್ಟಿಗೇ ಬಾಯಿ ಮಾಡಿದರು. ಒಬ್ಬರು ಅಜಾಗರೂಕತೆ ಎಂದರು, ಇನ್ನೊಬ್ಬರು ವಿಚಾರಣೆ ಎಂದರು. ಮೇಡಂ ಎದ್ದು ತನ್ನ ಚೀಟಿ ಓದಿದಳು, ಎಲೆಯ ಸಾರವಾಗಿದ್ದರೆ ನೀರು ಕಂದಾಗಬೇಕಿತ್ತು ಎಂದು ಬಿಡಿಸಿ ಹೇಳಿದಳು. ಕೊನೆಗೆ ಇಂಜಿನಿಯರ್ ಗರಗಸದವರಿಗೆ ಬರಬೇಡಿ ಎಂದು ಅಲ್ಲಿಂದಲೇ ಫೋನು ಮಾಡಿದರು. ಬಾಟಲಿಯಣ್ಣನ ಕಡೆ ತಿರುಗಿ, "ಆ ತಾತ ಬಕೆಟ್ಟು ತಂದಿದ್ರಲ್ಲಯ್ಯಾ..." ಎಂದವರು ಬಗ್ಗಿ ಬಿದ್ದ ಪೆನ್ನು ಎತ್ತಿಕೊಂಡರು.

ಮನೆಗೆ ಬಂದು ಹೆಂಡತಿಗೆ ಹೇಳುವಾಗ ಅವನು ಗಂಜಿಯ ಮಾತು ಎತ್ತಬಾರದು ಎಂದುಕೊಂಡಿದ್ದ. "ನಾನು ಸೋಸ್ತಿದ್ದ ಬಟ್ಟೆಯಿಂದ ಲೆಕ್ಕ ತಪ್ಪಿತ್ತಂತೆ" ಎಂದಷ್ಟೇ ಹೇಳಿದ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಬಟ್ಟೆಯಿಂದ ಅಂದ್ರೆ? ನಾನು ಕೊಡ್ತಿದ್ದ ಬಟ್ಟೆ ಗಲೀಜಿತ್ತಾ?"

"ಛೆ ಛೆ, ಗಲೀಜಲ್ಲ..."

"ಮತ್ತೆ ಅದರಲ್ಲಿ ಇನ್ನೇನಿತ್ತು?" ಎಂದವಳು ಅಲ್ಲೇ ನಿಂತುಹೋದಳು. ಮೂಲೆಯಲ್ಲಿದ್ದ ಗಂಜಿಯ ಪಾತ್ರೆ ನೋಡಿದಳು, ಗಂಡನ ಮುಖ ನೋಡಿದಳು. "ಅಯ್ಯೋ... ನನ್ನ ಗಂಜಿ? ನಮ್ಮಪ್ಪನ ಮರಾನ ನನ್ನ ಗಂಜಿ ಕಡೀತಾ?" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಅವಳ ಕೈ ಹಿಡಿಯಲು ಹೋದ. ಅವಳು ಕೊಡವಿಕೊಂಡಳು, ಮತ್ತೆ ತಾನೇ ಹಿಡಿದುಕೊಂಡಳು.

"ನಿಮ್ಮಪ್ಪಂಗೆ ಹೇಳೋದು ಬೇಡ ಕಣೇ. ಎಂಬತ್ತಾರು ವಯಸ್ಸು. ಎದೆ ಒಡೆದುಹೋಗತ್ತೆ."

"ಹೇಳದೆ ಇದ್ರೆ ನಂದು ಒಡೆಯತ್ತೆ," ಎಂದು ಅವಳು ಎದ್ದೇ ಹೋದಳು.

ಮುದುಕರು ಗೋಡೆಗೆ ಮುಖ ಮಾಡಿ ಕೂತಿದ್ದರು. ಮಗಳು ನೆಲದ ಮೇಲೆ ಕೂತು, ಒಂದನ್ನೂ ಮುಚ್ಚಿಡದೆ, ಸೋಸಿದ್ದು, ಗಂಜಿ, ಲೋಟ ನೀಲಿಯಾದದ್ದು ಎಲ್ಲವನ್ನೂ ಹೇಳಿದಳು. ಬಾಟಲಿಯಣ್ಣ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಬೈಗುಳ ಬರಲಿ, ಕೈಗೆ ಸಿಕ್ಕಿದ್ದು ಎಸೆಯಲಿ, ಮನೆಯಿಂದ ಹೊರಗೆ ಹೋಗು ಎನ್ನಲಿ, ಎಲ್ಲಕ್ಕೂ ತಯಾರಾಗಿದ್ದ.

ಮುದುಕರು ಮಗಳ ಕಡೆ ತಿರುಗಿದರು. ಆಮೇಲೆ ಕೇಳಿದರು: "ಮೂಡಣ ಸಾಲು ಉಳೀತಾ?"

"ಉಳೀತಪ್ಪಾ. ಇವರೇ ಸಭೇಲಿ ಎದ್ದು ನಿಂತು ಹೇಳಿದ್ರು."

"ಹಾಗಾದ್ರೆ ನನ್ನ ಮರದ ತಪ್ಪೇನೂ ಇರಲಿಲ್ಲ?"

"ಇರಲಿಲ್ಲಪ್ಪಾ."

ಆಗ ಅವರು ಅತ್ತರು. ಮೂರು ವರ್ಷದಿಂದ ಒಂದು ಹನಿ ಹಾಕದವರು, ಚಿಕ್ಕ ಮಗುವಿನ ಹಾಗೆ ಭುಜ ಕುಣಿಸಿಕೊಂಡು ಅತ್ತರು. "ಮೂರು ವರ್ಷ ಬೈದೆನಲ್ಲೇ ಮಗಳೇ ಅವನ್ನ! ಊರಿನ ನೀರು ಕೆಡಿಸಿದ ದರಿದ್ರಗಳು, ನಿಮ್ಮನ್ನ ಯಾಕಾದ್ರೂ ನೆಟ್ಟೆನೋ ಅಂತ ದಿನಾ ಬೈದೆ. ಮುಖ ನೋಡಬಾರದು ಅಂತ ಕುರ್ಚಿ ತಿರುಗಿಸಿದೆ." ಕಣ್ಣೊರೆಸಿಕೊಂಡು ಬಾಗಿಲ ಕಡೆ ಕೈ ಚಾಚಿದರು. "ಅಳಿಯಂದಿರೇ, ದೋಣಿ ತೆಗೀರಿ. ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿ."

ಬಾಟಲಿಯಣ್ಣನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದ.

ಸಂಜೆಯ ಬಿಸಿಲಿನಲ್ಲಿ ಮೂವರೂ ಪಡುವಣ ದಡಕ್ಕೆ ಹೋದರು. ನಲವತ್ತೊಂದು ಬೊಡ್ಡೆಗಳು ಸಾಲಾಗಿ, ಹುಲ್ಲಿನ ಮಧ್ಯೆ. ಮುದುಕರು ಮಗಳ ಹೆಗಲು ಹಿಡಿದು ಮೊದಲನೆಯದರ ಹತ್ತಿರ ಹೋಗಿ, ಬಗ್ಗಿ, ಅದರ ಮೇಲೆ ಅಂಗೈ ಇಟ್ಟು, "ತಪ್ಪಾಯ್ತು ಕಣಪ್ಪಾ" ಎಂದರು. ಎರಡನೆಯದಕ್ಕೂ ಹಾಗೇ. ಒಂದನ್ನೂ ಬಿಡದೆ, ಅವಸರವಿಲ್ಲದೆ. ಒಂಬತ್ತನೆಯದರ ಹತ್ತಿರ ಮಂಡಿ ಸೋತು ಅದರ ಮೇಲೇ ಕೂತುಬಿಟ್ಟರು.

"ನನ್ನಿಂದ ಆಗಲ್ಲ. ಉಳಿದದ್ದಕ್ಕೆ ನೀವು ಹೇಳಿ ಅಳಿಯಂದಿರೇ," ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. "ಮೂವತ್ತೆರಡು ಇವೆ."

ಬಾಟಲಿಯಣ್ಣ ಚಪ್ಪಲಿ ಬಿಟ್ಟು ಹತ್ತನೆಯದರ ಮುಂದೆ ಹೋಗಿ ಬಗ್ಗಿದ. ಅದರ ಮೇಲೆ ಅಂಗೈ ಇಟ್ಟ. ಹಿಂದಿನಿಂದ ಹೆಂಡತಿ ಬಂದು ಪಕ್ಕದಲ್ಲಿ ಕೂತು, ತಾನೂ ಬೊಡ್ಡೆಯ ಮೇಲೆ ಕೈ ಇಟ್ಟಳು. ಇಬ್ಬರೂ ಸೇರಿ ಹೇಳಿದರು. ಹೇಳಿ, ಎದ್ದು, ಹನ್ನೊಂದನೆಯದಕ್ಕೆ ಹೋದರು.